ವಿಮಾನದ ಅಂತೆಕಂತೆಗಳನ್ನು ಟಿ.ವಿ.ಯಲ್ಲಿ ಪರೀಕ್ಷಿಸಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಹತ್ತಿದವರಿಗಿಂತ ವಿಮಾನದ ಕತೆ ಹೇಳುವವರೇ ಜಾಸ್ತಿ. ಒಳಗೆ ಗುಂಡು ಹಾರಿದರೆ ಇಡೀ ವಿಮಾನ ಸಿಡಿಯುತ್ತದಂತೆ. ಫೋನ್ ಆನ್ ಇದ್ದರೆ ಪೈಲಟ್‌ಗೆ ದಾರಿ ತಪ್ಪುತ್ತದಂತೆ. ಟಾಯ್ಲೆಟ್‌ನಲ್ಲಿ ಕೂತವರು ಏಳೋಕೇ ಆಗಲ್ಲವಂತೆ. ಇಂಥ ಅಂತೆಕಂತೆಗಳನ್ನು ಹಿಡಿದು, ನಿಜವಾದ ವಿಮಾನ, ನಿಜವಾದ ಗುಂಡು, ನಿಜವಾದ ಕೋಳಿ ಇಟ್ಟುಕೊಂಡು ಪರೀಕ್ಷೆ ಮಾಡಿದ ಕಾರ್ಯಕ್ರಮ ಅಮೆರಿಕದ ‘ಮಿಥ್‌ಬಸ್ಟರ್ಸ್’. ನಾನು ಅದನ್ನು ವರ್ಷಗಟ್ಟಲೆ ನೋಡಿದವನು. ಅದು ಗೊತ್ತಿರುವ ನೆಂಟರು, ಗೆಳೆಯರು ಊರಿಗೆ ಹೊರಡುವ ಮುಂಚೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಕಾರ್ಯಕ್ರಮ ನಡೆಸಿದವರೇನು ವಿಮಾನದ ಎಂಜಿನಿಯರ್‌ಗಳಾ?

ಅಲ್ಲ. ಜೇಮಿ ಹೈನಮನ್ ಮತ್ತು ಆಡಂ ಸ್ಯಾವೇಜ್ ಇಬ್ಬರೂ ಸಿನಿಮಾಗಳಿಗೆ ಸ್ಪೆಷಲ್ ಎಫೆಕ್ಟ್ ಮಾಡಿಕೊಡುತ್ತಿದ್ದವರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಜೇಮಿಯ ವರ್ಕ್‌ಶಾಪ್‌ನಲ್ಲೇ ಕಾರ್ಯಕ್ರಮ ಬೆಳೆದದ್ದು. 2003ರ ಜನವರಿಯಲ್ಲಿ ಡಿಸ್ಕವರಿ ಚಾನೆಲ್‌ನಲ್ಲಿ ಶುರುವಾಯಿತು. ಈ ಜೋಡಿಯ ಕಂತುಗಳು 2016ರ ಮಾರ್ಚ್‌ವರೆಗೆ ಬಂದವು. ಜೊತೆಗೆ ಕ್ಯಾರಿ ಬೈರನ್, ಟೋರಿ ಬೆಲ್ಲೆಚಿ, ಗ್ರ್ಯಾಂಟ್ ಇಮಹಾರ ಇದ್ದ ಇನ್ನೊಂದು ತಂಡ. ಗ್ರ್ಯಾಂಟ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. 2020ರಲ್ಲಿ ತೀರಿಕೊಂಡರು.

ಇವರ ಶಕ್ತಿ ಕೈಕೆಲಸ. ವೆಲ್ಡಿಂಗ್, ಮೋಟಾರ್, ಪಂಪು, ಏನು ಬೇಕೋ ಅದನ್ನು ತಾವೇ ಕಟ್ಟುತ್ತಿದ್ದರು. ಗೊತ್ತಿಲ್ಲದ ಕಡೆ ಗೊತ್ತಿರುವವರನ್ನು ಕರೆಯುತ್ತಿದ್ದರು. ಕೊನೆಗೆ ಮೂರರಲ್ಲಿ ಒಂದು ತೀರ್ಪು: ಸುಳ್ಳು, ಇದ್ದರೂ ಇರಬಹುದು, ನಿಜ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಗಾದೆ ಇದೆಯಲ್ಲ, ಅದನ್ನೇ ಇವರು ಬಂದೂಕು ಹಿಡಿದು ಮಾಡಿದರು. ಆದರೆ ನನ್ನನ್ನು ಕೇಳಿದರೆ, ಆ ಕಾರ್ಯಕ್ರಮದಲ್ಲಿ ತೀರ್ಪಿಗಿಂತ ನೋಡಬೇಕಾದ್ದು ಪರೀಕ್ಷೆಯನ್ನು ಹೇಗೆ ಜೋಡಿಸಿದರು ಅನ್ನೋದು. ಕೋಳಿಯ ಪ್ರಶ್ನೆ ಬಂದಾಗ ಹೇಳುತ್ತೇನೆ.

ಹಾರುವ ವಿಮಾನದೊಳಗೆ ಗುಂಡು ಹಾರಿಸಿದರೆ ವಿಮಾನ ಸಿಡಿಯುತ್ತದಾ?

ಸಿನಿಮಾದಲ್ಲಿ ಸಿಡಿಯುತ್ತದೆ. ಸಣ್ಣ ತೂತು ಬೀಳುತ್ತದೆ, ಅದು ದೊಡ್ಡದಾಗುತ್ತದೆ, ವಿಲನ್ ಹೊರಗೆ ಹಾರಿಹೋಗುತ್ತಾನೆ.

ಇವರು 2004ರಲ್ಲಿ ಇದನ್ನು ಪರೀಕ್ಷಿಸಿದರು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಹಳೇ ವಿಮಾನಗಳನ್ನು ತಂದು ನಿಲ್ಲಿಸುವ ಜಾಗವಿದೆ. ಅಲ್ಲಿದ್ದ ಒಂದು ಡಿಸಿ-9 ವಿಮಾನ ಇವರ ಕೈಗೆ ಸಿಕ್ಕಿತು. ತೊಂದರೆ ಏನೆಂದರೆ ಅದು ಹಾರುವ ಸ್ಥಿತಿಯಲ್ಲಿರಲಿಲ್ಲ. ಮೇಲೆ 35,000 ಅಡಿಯಲ್ಲಿ ಹೊರಗಿನ ಗಾಳಿ ತೆಳುವಾಗಿರುತ್ತದೆ, ಒಳಗಿನದು ದಟ್ಟ. ನೆಲದ ಮೇಲೆ ಹೊರಗಿನ ಗಾಳಿಯನ್ನು ತೆಳು ಮಾಡೋಕಾಗಲ್ಲವಲ್ಲ? ಅದಕ್ಕೆ ಲೆಕ್ಕ ತಿರುವು ಹಾಕಿದರು. ಸಂದುಗೊಂದು ಮುಚ್ಚಿ, ಒಳಗೇ ಗಾಳಿ ತುಂಬಿದರು. ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಮೇಲೆ ಎಷ್ಟಿರುತ್ತದೋ ಅಷ್ಟಾಗುವವರೆಗೆ, ಅಂದರೆ ಚದರ ಇಂಚಿಗೆ ಸುಮಾರು 8 ಪೌಂಡ್. ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ.

ಸೀಟಿನಲ್ಲಿ ಬೊಂಬೆ ಕೂರಿಸಿ, ದೂರದಿಂದಲೇ ಪಿಸ್ತೂಲು ಹಾರಿಸಿದರು. ಗೋಡೆಯಲ್ಲಿ ಗುಂಡಿನಷ್ಟೇ ತೂತು ಬಿತ್ತು. ಗಾಳಿ ಹೋಯಿತು, ಅಷ್ಟೇ. ಕಿಟಕಿಗೆ ಹೊಡೆದರು. ಅಲ್ಲೂ ತೂತೇ. ಕೊನೆಗೆ ಸ್ಫೋಟಕ ಇಟ್ಟು ಸಿಡಿಸಿದಾಗ ಮಾತ್ರ ವಿಮಾನದ ಮೈ ಹರಿಯಿತು. ಗುಂಡಿನ ಕತೆಗೆ ತೀರ್ಪು: ಸುಳ್ಳು.

ಕಾರಣ ಯೋಚಿಸಿದರೆ ಸರಳ. ವಿಮಾನದ ಒಳಗಿನ ಗಾಳಿ ಯಾವಾಗಲೂ ಹೊರಗೆ ಹೋಗುತ್ತಲೇ ಇರುತ್ತದೆ. ಹಿಂಭಾಗದಲ್ಲಿ ಅದಕ್ಕೆಂದೇ ಒಂದು ಕವಾಟ ಇದೆ, ಗುಂಡಿನ ತೂತಿಗಿಂತ ಎಷ್ಟೋ ಪಟ್ಟು ದೊಡ್ಡದು. ಹೊಸ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಒಂದು ತೂತು ಹೆಚ್ಚಾದರೆ ಕವಾಟ ಅಷ್ಟು ಮುಚ್ಚಿಕೊಂಡು ಸರಿದೂಗಿಸುತ್ತದೆ.

ಹಾಗಾದರೆ ಹವಾಯಿಯಲ್ಲಿ ಛಾವಣಿಯೇ ಹಾರಿಹೋಗಿತ್ತಲ್ಲ?

ಹೌದು, ಅದು ನಡೆದದ್ದು. 1988ರ ಏಪ್ರಿಲ್ 28, ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737. 24,000 ಅಡಿಯಲ್ಲಿ ಮುಂಭಾಗದ ಛಾವಣಿ ಕಿತ್ತುಹೋಯಿತು. ಒಬ್ಬ ಗಗನಸಖಿ ಹೊರಗೆ ಎಳೆದುಹೋಗಿ ತೀರಿಕೊಂಡರು. ಸೀಟ್‌ಬೆಲ್ಟ್ ಕಟ್ಟಿಕೊಂಡಿದ್ದ ಪ್ರಯಾಣಿಕರು ತೆರೆದ ಆಕಾಶದ ಕೆಳಗೇ ಕೂತು ಮಾಉಯಿ ದ್ವೀಪದಲ್ಲಿ ಇಳಿದರು.

ಆದರೆ ಅಲ್ಲಿ ಗುಂಡಿರಲಿಲ್ಲ. ಆ ವಿಮಾನಕ್ಕೆ 19 ವರ್ಷ. 89,000ಕ್ಕೂ ಹೆಚ್ಚು ಸಲ ಹಾರಿತ್ತು, ಅದೂ ದ್ವೀಪದಿಂದ ದ್ವೀಪಕ್ಕೆ, ಉಪ್ಪುಗಾಳಿಯಲ್ಲಿ. ಪ್ರತಿ ಸಲ ಏರುವಾಗ ಮೈ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸುತ್ತಾ ಇದ್ದರೆ ಒಂದು ಸಲ ಪಟ್ ಅಂತ ಮುರಿಯುತ್ತದಲ್ಲ, ಹಾಗೆ. ರಿವೆಟ್‌ಗಳ ಸಾಲಿನಲ್ಲಿ ಕಣ್ಣಿಗೆ ಬೀಳದ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು. ಮೊಹಾವಿಯ ಪರೀಕ್ಷೆ ಹೇಳಿದ್ದು ಗಟ್ಟಿ ಮೈಯ ವಿಮಾನದ ಬಗ್ಗೆ. ಸವೆದ ಮೈಯ ಬಗ್ಗೆ ಅದು ಏನೂ ಹೇಳಲಿಲ್ಲ.

ಮೇಲೆ ಹೋದಾಗ ಯಾರಾದರೂ ಬಾಗಿಲು ತೆಗೆದರೆ?

ತೆಗೆಯೋಕೆ ಆಗಲ್ಲ. ಮೇಲಿನ ಲೆಕ್ಕವನ್ನೇ ಹಾಕಿ. ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ. ಅಂದರೆ ಒಂದು ಬಾಗಿಲಿನ ಮೇಲೆ 8ರಿಂದ 10 ಟನ್ ಭಾರ. ಬಹುತೇಕ ಬಾಗಿಲುಗಳು ಬಾಟಲಿಯ ಬಿರಡೆಯ ಹಾಗೆ ಒಳಗಿನಿಂದ ಚೌಕಟ್ಟಿಗೆ ಒತ್ತಿಕೊಂಡಿರುತ್ತವೆ. ಅದನ್ನು ಎಳೆಯೋಕೆ ಆನೆ ಬೇಕು.

ಕೆಳಗೆ ಬಂದಾಗ ಮಾತು ಬೇರೆ. 2023ರ ಮೇನಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಇಳಿಯುತ್ತಿದ್ದ ಏಷಿಯಾನಾ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಬಾಗಿಲು ತೆರೆದೇಬಿಟ್ಟ. ಆಗ ಎತ್ತರ ಸುಮಾರು 700 ಅಡಿ, ಒತ್ತಡದ ವ್ಯತ್ಯಾಸ ಇಲ್ಲವೆನ್ನುವಷ್ಟು. ಬಾಗಿಲು ತೆರೆದುಕೊಂಡೇ ವಿಮಾನ ಇಳಿಯಿತು. ಎಲ್ಲರೂ ಬದುಕಿದರು.

ಕೋಳಿ ಫಿರಂಗಿ ಅಂದರೆ ಏನು? ನಿಜವಾಗಿ ಕೋಳಿ ಹಾರಿಸುತ್ತಾರಾ?

ಹಾರಿಸುತ್ತಾರೆ, ಸತ್ತ ಕೋಳಿಯನ್ನು. ಹಕ್ಕಿ ಬಡಿದರೆ ಗಾಜು ತಡೆಯುತ್ತದಾ ಅಂತ ನೋಡುವ ದಾರಿ ಅದು. ದೊಡ್ಡ ಪ್ರಯಾಣಿಕ ವಿಮಾನದ ಮುಂದಿನ ಗಾಜು 1.8 ಕೆ.ಜಿ. ತೂಕದ ಹಕ್ಕಿಯ ಹೊಡೆತ ತಡೆಯಬೇಕು ಅನ್ನುವುದು ನಿಯಮ.

ಇದರ ಸುತ್ತ ಒಂದು ಜೋಕು ಇದೆ. ಯಾವುದೋ ದೇಶದ ರೈಲು ಕಂಪನಿಯವರು ಈ ಫಿರಂಗಿ ಎರವಲು ತಂದು ತಮ್ಮ ರೈಲಿನ ಗಾಜಿಗೆ ಕೋಳಿ ಹೊಡೆದರಂತೆ. ಕೋಳಿ ಗಾಜು ಒಡೆದು, ಡ್ರೈವರ್ ಸೀಟು ಮುರಿದು, ಹಿಂದಿನ ಗೋಡೆಗೆ ನೆಟ್ಟುಕೊಂಡಿತಂತೆ. ಗಾಬರಿಯಾಗಿ ಕೇಳಿದರೆ ಫಿರಂಗಿ ಕೊಟ್ಟವರು ಒಂದೇ ಸಾಲು ಬರೆದರಂತೆ: ಮೊದಲು ಕೋಳಿಯ ಐಸ್ ಕರಗಿಸಿ.

ಹಾಗಾದರೆ ಐಸ್ ಕೋಳಿಯ ಪೆಟ್ಟು ಮಾಮೂಲಿ ಕೋಳಿಗಿಂತ ಜೋರಾ? ಇವರು ಗಾಳಿಯ ಒತ್ತಡದ ಫಿರಂಗಿ ಕಟ್ಟಿದರು. ಒಂದು ಚಿಕ್ಕ ಪೈಪರ್ ವಿಮಾನದ ಗಾಜು ತಂದರು. ಮೆತ್ತನೆಯ ಕೋಳಿ ಹೊಡೆದರು, ಗಾಜು ಪುಡಿ. ಐಸ್ ಕೋಳಿ ಹೊಡೆದರು, ಗಾಜು ಪುಡಿ. ಎರಡೂ ಒಂದೇ ಅಂತ ತೀರ್ಪು ಕೊಟ್ಟರು.

ನೋಡಿದವರು ಬಿಡಲಿಲ್ಲ. ಆ ಚಿಕ್ಕ ವಿಮಾನದ ಗಾಜು ಹಕ್ಕಿಯ ಹೊಡೆತ ತಡೆಯಲೆಂದು ಮಾಡಿದ್ದೇ ಅಲ್ಲ, ಯಾವ ಕೋಳಿ ಬಿದ್ದರೂ ಅದು ಒಡೆಯುತ್ತದೆ ಅಂತ ತಕರಾರು ಎತ್ತಿದರು. ಸರಿಯಾದ ಮಾತು. ಮಣ್ಣಿನ ಮಡಕೆಗೆ ತೆಂಗಿನಕಾಯಿ ಹೊಡೆದರೂ ಒಡೆಯುತ್ತದೆ, ಕಲ್ಲು ಹೊಡೆದರೂ ಒಡೆಯುತ್ತದೆ. ಎರಡರಲ್ಲಿ ಯಾವುದು ಗಟ್ಟಿ ಅಂತ ಮಡಕೆಯನ್ನು ಕೇಳಿದರೆ ಅದೇನು ಹೇಳೀತು?

ಇವರು ಮತ್ತೆ ಕೂತರು. ಗಾಜಿನ ಹಲಗೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸಿ, ಕೋಳಿ ಎಷ್ಟು ದೂರ ಹೋಗುತ್ತದೆ ಅಂತ ನೋಡಿದರು. ಈಗ ಗೊತ್ತಾಯಿತು. ಐಸ್ ಕೋಳಿಯೇ ಜಾಸ್ತಿ ಒಳಗೆ ನುಗ್ಗಿತು. ಮೊದಲಿನ ತೀರ್ಪನ್ನು ತಾವೇ ತಿರುಗಿಸಿದರು. ಕೋಟ್ಯಂತರ ಜನ ನೋಡುವ ಟಿ.ವಿ.ಯಲ್ಲಿ ‘ನಾವು ಅಳೆದದ್ದೇ ತಪ್ಪಾಗಿತ್ತು’ ಅನ್ನುವವರು ಎಷ್ಟು ಜನ ಸಿಗುತ್ತಾರೆ? ಅವರ ವಿಮಾನದ ಕಂತುಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ಇಷ್ಟ.

ಹಕ್ಕಿ ಬಡಿಯುವುದು ಅಷ್ಟು ದೊಡ್ಡ ವಿಷಯವಾ?

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಏರ್‌ಬಸ್ ವಿಮಾನವೊಂದಕ್ಕೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಹೋದವು. ಪೈಲಟ್ ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಉಳಿದರು.

ಅಷ್ಟು ದೂರ ಯಾಕೆ, ಯಲಹಂಕದವರನ್ನು ಕೇಳಿ. ಏರೋ ಇಂಡಿಯಾ ಬಂತೆಂದರೆ ವಾಯುನೆಲೆಯ ಸುತ್ತ ಮಾಂಸದಂಗಡಿಗಳಿಗೆ ಬೀಗ. 2023ರಲ್ಲಿ ಸುತ್ತ 10 ಕಿ.ಮೀ. ಒಳಗೆ ಮಾಂಸ ಮಾರುವಂತಿಲ್ಲ, ಹೋಟೆಲ್‌ನಲ್ಲಿ ಬಡಿಸುವಂತಿಲ್ಲ ಅಂತ ಬಿಬಿಎಂಪಿ ಆದೇಶ ಮಾಡಿತ್ತು. 2025ರಲ್ಲಿ ಅದು 13 ಕಿ.ಮೀ. ಆಯಿತು. ಬಿರಿಯಾನಿಗೂ ಯುದ್ಧವಿಮಾನಕ್ಕೂ ಏನು ಸಂಬಂಧ ಅಂತ ಬೈದವರು ಬಹಳ. ಸಂಬಂಧ ಹದ್ದುಗಳದ್ದು. ಬೀದಿಗೆ ಎಸೆದ ಮಾಂಸದ ಚೂರಿಗೆ ಅವು ಬರುತ್ತವೆ, ಸುತ್ತುತ್ತಾ ಮೇಲೇರುತ್ತವೆ, ಅದೇ ಎತ್ತರದಲ್ಲಿ ವಿಮಾನ ಲಾಗ ಹಾಕುತ್ತಿರುತ್ತದೆ.

ಹಿಂದಕ್ಕೆ ಓಡುವ ಬೆಲ್ಟಿನ ಮೇಲೆ ನಿಂತ ವಿಮಾನ ಹಾರುತ್ತದಾ?

ಇದು ಊಟದ ಎಲೆ ಮುಂದೆ ಜಗಳ ತರುವ ಪ್ರಶ್ನೆ. ರನ್‌ವೇ ಬದಲು ಒಂದು ದೊಡ್ಡ ಕನ್ವೇಯರ್ ಬೆಲ್ಟ್. ವಿಮಾನ ಮುಂದೆ ಹೋದಷ್ಟೇ ವೇಗದಲ್ಲಿ ಬೆಲ್ಟ್ ಹಿಂದೆ ಹೋಗುತ್ತದೆ. ವಿಮಾನ ಏರುತ್ತದಾ, ಇದ್ದಲ್ಲೇ ಇರುತ್ತದಾ?

ಟ್ರೆಡ್‌ಮಿಲ್ ನೋಡಿದವರೆಲ್ಲ ‘ಇದ್ದಲ್ಲೇ’ ಅನ್ನುತ್ತಾರೆ. ನಾನೂ ಅಂದಿದ್ದೆ. 2008ರ ಜನವರಿಯ ಕಂತಿನಲ್ಲಿ ಇವರು ಒಂದು ಹಗುರ ವಿಮಾನ ತಂದರು. ಬೆಲ್ಟಿನ ಬದಲು ಸುಮಾರು 2,000 ಅಡಿ ಉದ್ದದ ಟಾರ್ಪಾಲು ಹಾಸಿ, ಅದನ್ನು ಟ್ರಕ್ಕಿಗೆ ಕಟ್ಟಿ ಹಿಂದಕ್ಕೆ ಎಳೆದರು. ವಿಮಾನ ಏರಲು ಬೇಕಾದಷ್ಟೇ ವೇಗ, ಗಂಟೆಗೆ 25 ಮೈಲಿ. ಪೈಲಟ್‌ಗೂ ಏರುತ್ತದೆ ಅನ್ನುವ ನಂಬಿಕೆ ಇರಲಿಲ್ಲ. ಟ್ರಕ್ಕು ಹೊರಟಿತು, ಟಾರ್ಪಾಲು ಹಿಂದೆ ಸರಿಯಿತು, ವಿಮಾನ ಮುಂದೆ ಓಡಿ ಏರಿಯೇಬಿಟ್ಟಿತು.

ಕಾರಿನ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೆಲವನ್ನು ಒದೆಯುತ್ತದೆ. ವಿಮಾನದ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಅದು ಗಾಳಿಯನ್ನು ಹಿಂದೆ ತಳ್ಳಿ ಮುಂದೆ ಹೋಗುತ್ತದೆ. ಚಕ್ರ ಸುಮ್ನೆ ಉರುಳುತ್ತದೆ. ಬೆಲ್ಟ್ ಹಿಂದೆ ಓಡಿದರೆ ಚಕ್ರ ಎರಡರಷ್ಟು ಜೋರಾಗಿ ಉರುಳುತ್ತದೆ, ಅಷ್ಟೇ.

ಆದರೂ ನನಗೆ ನಂಬಿಕೆ ಬರುತ್ತಿಲ್ಲ.

ಐದು ನಿಮಿಷದ ಕೆಲಸ. ಮಕ್ಕಳ ಆಟದ ಕಾರಿಗೆ ಮುಂದೆ ಒಂದು ದಾರ ಕಟ್ಟಿ. ನೆಲದ ಮೇಲೆ ದಿನಪತ್ರಿಕೆ ಹಾಸಿ, ಕಾರನ್ನು ಅದರ ಮೇಲಿಡಿ. ನೀವು ದಾರ ಎಳೆಯಿರಿ, ಇನ್ನೊಬ್ಬರು ಪತ್ರಿಕೆಯನ್ನು ಹಿಂದಕ್ಕೆ ಎಳೆಯಲಿ. ನಾನು ಇದನ್ನು ನಮ್ಮ ಊರಮನೆಯ ರೆಡ್‌ಆಕ್ಸೈಡ್ ನೆಲದ ಮೇಲೆ ಅಕ್ಕನ ಮಗಳ ಜೊತೆ ಮಾಡಿದೆ. ಅವಳು ಪತ್ರಿಕೆಯನ್ನು ಎಷ್ಟು ಜೋರಾಗಿ ಎಳೆದಳೆಂದರೆ ಅರ್ಧ ಹರಿದು ಕೈಗೆ ಬಂತು. ಕಾರು ಮಾತ್ರ ಏನೂ ಆಗಿಲ್ಲದ ಹಾಗೆ ನನ್ನ ಕಡೆ ಬಂತು. ದಾರದ ಜಾಗದಲ್ಲಿ ಪ್ರೊಪೆಲ್ಲರ್ ಇದೆ ಅಂದುಕೊಳ್ಳಿ.

ಇಷ್ಟಾದರೂ ವಾದ ಮಾಡುವವರು ಪ್ರಶ್ನೆಯನ್ನು ಬೇರೆ ಥರ ಓದುತ್ತಾರೆ. ಬೆಲ್ಟ್ ವಿಮಾನದ ವೇಗಕ್ಕಲ್ಲ, ಚಕ್ರದ ವೇಗಕ್ಕೆ ಸಮ ಇರಬೇಕು ಅನ್ನುತ್ತಾರೆ. ವಿಮಾನ ಮುಂದೆ ಸರಿದ ಕ್ಷಣವೇ ಚಕ್ರದ ವೇಗ ಬೆಲ್ಟಿಗಿಂತ ಜಾಸ್ತಿಯಾಗಿಬಿಡುತ್ತದೆ. ಅಂಥ ಬೆಲ್ಟ್ ಕಾಗದದ ಮೇಲೆ ಮಾತ್ರ ಇರಲು ಸಾಧ್ಯ.

ಫೋನ್ ಆನ್ ಇಟ್ಟರೆ ವಿಮಾನ ಬೀಳುತ್ತದಾ?

ಬೀಳಲ್ಲ. ಆದರೆ ಇಲ್ಲಿ ತೀರ್ಪಿಗಿಂತ ವಿವರ ದೊಡ್ಡದು. ಹಳೇ ಮೊಬೈಲ್ ಅನ್ನು ರೇಡಿಯೋ ಪಕ್ಕ ಇಟ್ಟರೆ ಕಾಲ್ ಬರುವ ಮುಂಚೆ ‘ಟಿಟಿಟ್ ಟಿಟಿಟ್’ ಅಂತ ಸದ್ದು ಬರುತ್ತಿತ್ತು, ನೆನಪಿದೆಯಾ? ಭಯ ಅಂಥ ಅಡಚಣೆಯದ್ದೇ.

2006ರಲ್ಲಿ ಇವರು ಕಾಕ್‌ಪಿಟ್‌ನ ಉಪಕರಣಗಳನ್ನು ವರ್ಕ್‌ಶಾಪ್‌ನಲ್ಲಿ ಜೋಡಿಸಿ ಫೋನಿನ ತರಂಗ ಬಿಟ್ಟರು. 800-900 ಮೆಗಾಹರ್ಟ್ಸ್‌ನಲ್ಲಿ ದಾರಿ ತೋರಿಸುವ ಮುಳ್ಳು ಅಲ್ಲಾಡಿತು! ಆಮೇಲೆ ನೆಲದ ಮೇಲೆ ನಿಂತಿದ್ದ ನಿಜವಾದ ಜೆಟ್‌ನಲ್ಲಿ ಮಾಡಿದರು. ಅಲ್ಲಿ ಏನೂ ಆಗಲಿಲ್ಲ, ಯಾಕೆಂದರೆ ವೈರುಗಳಿಗೆ ರಕ್ಷಣೆಯ ಹೊದಿಕೆ ಇತ್ತು. ತೀರ್ಪು ಸುಳ್ಳು ಅಂತ ಬಂತು. ಮೊದಲ ಪರೀಕ್ಷೆಯನ್ನು ಮರೆಯಬೇಡಿ ಅನ್ನುವುದು ನನ್ನ ಮಾತು.

ಇನ್ನೊಂದು ಸ್ವಾರಸ್ಯ. ಅಮೆರಿಕದಲ್ಲಿ ಹಾರಾಟದ ವೇಳೆ ಮೊಬೈಲ್ ಕರೆ ನಿಷೇಧಿಸಿದ್ದು 1991ರಲ್ಲಿ, ಅಲ್ಲಿನ ದೂರಸಂಪರ್ಕ ಆಯೋಗ. ಮೇಲಿನಿಂದ ಒಂದು ಫೋನು ಏಕಕಾಲಕ್ಕೆ ಹತ್ತಾರು ಟವರ್‌ಗಳಿಗೆ ಕಾಣುತ್ತದೆ, ನೆಲದ ಜಾಲ ಗಲಿಬಿಲಿಯಾಗುತ್ತದೆ ಅನ್ನುವುದೂ ಅವರ ಚಿಂತೆ. ನಮ್ಮಲ್ಲಿ ವಿಮಾನಯಾನದ ನಿಯಮ ನೋಡಿಕೊಳ್ಳುವ ಡಿಜಿಸಿಎ 2014ರಲ್ಲಿ ಫ್ಲೈಟ್ ಮೋಡ್‌ನಲ್ಲಿ ಫೋನ್ ಬಳಸಲು ಒಪ್ಪಿತು. ಒಂದು ಗುಂಡಿ ಒತ್ತೋಕೆ ಕಷ್ಟ ಏನು? ಒತ್ತಿಬಿಡಿ.

ಪೈಲಟ್‌ಗಳು ತಲೆ ತಿರುಗಿ ಬಿದ್ದರೆ ನಾನು ಇಳಿಸಬಹುದಾ?

ಆಡಂ, ಜೇಮಿ ಇಬ್ಬರೂ ನಾಸಾದ ಏಮ್ಸ್ ಕೇಂದ್ರದ ಸಿಮ್ಯುಲೇಟರ್‌ನಲ್ಲಿ ಕೂತರು. ಯಾರ ಸಹಾಯವೂ ಇಲ್ಲದೆ ಇಬ್ಬರೂ ಢಮಾರ್. ಆಮೇಲೆ ರೇಡಿಯೋದಲ್ಲಿ ಒಬ್ಬರು ಹೆಜ್ಜೆಹೆಜ್ಜೆಗೂ ಹೇಳಿಕೊಟ್ಟಾಗ ಇಬ್ಬರೂ ಇಳಿಸಿದರು. ತೀರ್ಪು: ಇದ್ದರೂ ಇರಬಹುದು. ಸಿಮ್ಯುಲೇಟರ್‌ನಲ್ಲಿ ಜೀವಭಯ ಇಲ್ಲ, ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಚಿಕ್ಕ ವಿಮಾನದಲ್ಲಿ ನಿಜವಾಗಿ ನಡೆದದ್ದೂ ಇದೆ. 2022ರ ಮೇನಲ್ಲಿ ಫ್ಲೋರಿಡಾದಲ್ಲಿ ಪೈಲಟ್ ಅಸ್ವಸ್ಥನಾದಾಗ, ವಿಮಾನ ಓಡಿಸಲು ಬಾರದ ಪ್ರಯಾಣಿಕನೊಬ್ಬ ಕಂಟ್ರೋಲರ್ ಮಾತು ಕೇಳುತ್ತಾ ಸೆಸ್ನಾ ಒಂದನ್ನು ಪಾಮ್ ಬೀಚ್‌ನಲ್ಲಿ ಇಳಿಸಿದ.

ಅಪಾಯ ಬಂದಾಗ ತಲೆ ಬಗ್ಗಿಸಿ ಕೂರಿಸುವುದು ಬೇಗ ಸಾಯಲಿ ಅಂತಲಾ?

ಪರಿಹಾರದ ದುಡ್ಡು ಕಮ್ಮಿ ಮಾಡೋಕೆ ಅಂತ ಒಂದು ಕೆಟ್ಟ ಪುಕಾರು ಇದೆ. ಬೊಂಬೆಗಳನ್ನು ಕೂರಿಸಿ ಬೀಳಿಸಿ ನೋಡಿದಾಗ ಬಗ್ಗಿ ಕೂತವರಿಗೇ ಪೆಟ್ಟು ಕಮ್ಮಿ. 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ನಡೆದ ಅಪಘಾತದ ಗಾಯಗಳನ್ನು ಡಾಕ್ಟರುಗಳು ಕೂತು ಅಧ್ಯಯನ ಮಾಡಿದ ಮೇಲೆ ಆ ಭಂಗಿಯನ್ನು ಇನ್ನಷ್ಟು ತಿದ್ದಿದರು. ಹೇಳಿದ ಹಾಗೆ ಕೂರಿ.

ರೆಕ್ಕೆಗೆ ಟೇಪ್ ಅಂಟಿಸಿದ್ದು ಕಂಡೆ. ಇಳಿದುಬಿಡಲಾ?

ಬೇಡ. ಅದು ಸ್ಪೀಡ್ ಟೇಪ್, ಅಲ್ಯೂಮಿನಿಯಂನದ್ದು, ಅನುಮತಿ ಇರುವ ಜಾಗದಲ್ಲಿ ತಾತ್ಕಾಲಿಕವಾಗಿ ಹಾಕುತ್ತಾರೆ. ಅಂಗಡಿಯ ಡಕ್ಟ್ ಟೇಪ್ ಬೇರೆ. ಅಲಾಸ್ಕದಲ್ಲಿ ಕರಡಿ ಹರಿದುಹಾಕಿದ ಚಿಕ್ಕ ವಿಮಾನವನ್ನು ಪೈಲಟ್ ಡಕ್ಟ್ ಟೇಪ್ ಸುತ್ತಿ ಹಾರಿಸಿಕೊಂಡು ಬಂದ ಅನ್ನುವ ಕತೆಯನ್ನು ಇವರು ಪರೀಕ್ಷಿಸಿದರು. ಮೈಯ ಹೊದಿಕೆ ಕಿತ್ತು ಟೇಪ್ ಸುತ್ತಿದರು. ಹಾರಿತು.

ಎಂಜಿನ್ ಎಲ್ಲ ನಿಂತರೆ ಕಲ್ಲಿನ ಹಾಗೆ ಬೀಳುತ್ತದಾ?

ಇಲ್ಲ, ತೇಲುತ್ತದೆ. ಇದಕ್ಕೆ ಟಿ.ವಿ. ಪ್ರಯೋಗ ಬೇಡ. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767ಕ್ಕೆ ಕೆ.ಜಿ. ಲೆಕ್ಕದಲ್ಲಿ ತುಂಬಬೇಕಾದ ಇಂಧನವನ್ನು ಪೌಂಡ್ ಲೆಕ್ಕದಲ್ಲಿ ತುಂಬಿದ್ದರು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಮ್ಮಿ! 41,000 ಅಡಿಯಲ್ಲಿ ಖಾಲಿಯಾಯಿತು. ಪೈಲಟ್‌ಗಳು ತೇಲಿಸಿಕೊಂಡೇ ಗಿಮ್ಲಿ ಅನ್ನುವ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ.

ವಿಮಾನ ಹತ್ತಿಸುವ ಕ್ರಮ ಸರಿಯಿದೆಯಾ? ಯಾವಾಗಲೂ ಕ್ಯೂ.

ಇದನ್ನೂ ಬಿಡಲಿಲ್ಲ ಇವರು. 2014ರಲ್ಲಿ ವಿಮಾನದ ಒಳಭಾಗದಂತೆಯೇ ಒಂದು ಸೆಟ್ ಹಾಕಿ, ನೂರಕ್ಕೂ ಹೆಚ್ಚು ಜನರನ್ನು ಸೂಟ್‌ಕೇಸ್ ಸಮೇತ ಹತ್ತಿಸಿದರು. ಕೆಲವರಿಗೆ ಬೇಕೆಂದೇ ಕಿರಿಕಿರಿ ಮಾಡಲು ಹೇಳಿದ್ದರು. ಹಿಂದಿನ ಸಾಲಿನಿಂದ ಕರೆಯುವ ನಮಗೆಲ್ಲ ಪರಿಚಿತ ಪದ್ಧತಿಗೆ 24 ನಿಮಿಷ ದಾಟಿತು. ಅದೇ ಎಲ್ಲಕ್ಕಿಂತ ನಿಧಾನ. ಸೀಟ್ ನಂಬರೇ ಇಲ್ಲದೆ ನುಗ್ಗಿ ಅಂದಾಗ 14 ನಿಮಿಷ ಚಿಲ್ಲರೆ. ಅದೇ ಎಲ್ಲಕ್ಕಿಂತ ಬೇಗ, ಆದರೆ ಹತ್ತಿದವರು ಉಗಿದರು. ಮೊದಲು ಕಿಟಕಿ ಸೀಟು, ಆಮೇಲೆ ಮಧ್ಯ, ಕೊನೆಗೆ ದಾರಿಪಕ್ಕದವರು ಅನ್ನುವ ಕ್ರಮ 15 ನಿಮಿಷದ ಹತ್ತಿರ, ಜನಕ್ಕೂ ಸಮಾಧಾನ.

ನಮ್ಮಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ತಮಾಷೆ. ದೇವನಹಳ್ಳಿಯಲ್ಲಿ ಚಕ್ರ ನೆಲ ಮುಟ್ಟುತ್ತಿದ್ದ ಹಾಗೇ ಟಕ್ ಟಕ್ ಟಕ್ ಅಂತ ಬೆಲ್ಟ್ ಬಿಚ್ಚುವ ಸದ್ದು. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲರೂ ಕತ್ತು ಓರೆ ಮಾಡಿ ಲಗೇಜ್ ಪೆಟ್ಟಿಗೆಯ ಕೆಳಗೆ ನಿಂತಿರುತ್ತಾರೆ. ಇದನ್ನು ಯಾರಾದರೂ ಪರೀಕ್ಷಿಸಬೇಕು.

ಟಾಯ್ಲೆಟ್‌ನಲ್ಲಿ ಕೂತಾಗ ಫ್ಲಶ್ ಒತ್ತಿದರೆ ಅಂಟಿಕೊಂಡುಬಿಡುತ್ತಾರಂತೆ?

2003ರ ಆರಂಭದ ಕಂತೊಂದರಲ್ಲೇ ಇದನ್ನು ನೋಡಿದರು. ವಿಮಾನದ ಟಾಯ್ಲೆಟ್ ನೀರಿನಿಂದಲ್ಲ, ಗಾಳಿಯ ಎಳೆತದಿಂದ ಕೆಲಸ ಮಾಡುತ್ತದೆ. ಆ ಭಯಂಕರ ಸದ್ದು ಅದರದ್ದೇ. ಆದರೆ ಹಾಗೆ ಅಂಟಿಕೊಳ್ಳಬೇಕಾದರೆ ಮೈ ಮತ್ತು ಸೀಟಿನ ನಡುವೆ ಒಂದು ಎಳೆ ಸಂದೂ ಇರಬಾರದು. ಸೀಟಿನ ಆಕಾರ ಅದಕ್ಕೆ ಬಿಡುವುದಿಲ್ಲ. ತೀರ್ಪು: ಸುಳ್ಳು.

ನಮ್ಮ ಅಮ್ಮನ ಮೊದಲ ವಿಮಾನ ಪ್ರಯಾಣ ಬೆಂಗಳೂರಿನಿಂದ ದೆಹಲಿಗೆ. ಹೊರಡುವ ಹಿಂದಿನ ದಿನ ಯಾರೋ ಈ ಕತೆ ಹೇಳಿದ್ದರು. ಪಾಪ, ನೀರೂ ಕುಡಿಯದೆ ಎರಡೂವರೆ ಗಂಟೆ ತಡೆದುಕೊಂಡು ಕೂತಿದ್ದರು. ವಾಪಸ್ ಬರುವಾಗ ನಾನು ಎಲ್ಲ ವಿವರಿಸಿ ಹೇಳಿದೆ. ಹೋಗಿಬಂದರು. ‘ಅಂಟಲಿಲ್ಲ ತಾನೇ?’ ಅಂದೆ. ‘ಎದ್ದು ನಿಂತು, ಮುಚ್ಚಳ ಹಾಕಿ, ಬಾಗಿಲ ಚಿಲಕ ತೆಗೆದಿಟ್ಟುಕೊಂಡು ಒತ್ತಿದೆ ಕಣೋ’ ಅಂದರು.